ಗೀಸರಿನ ನೆಗಡಿ

ಸೋಮವಾರ, ಜುಲೈ ೮

ಬಚ್ಚಲಿನ ಹಳೆಯ ಗೀಸರ್ ಬೆಳಿಗ್ಗೆಯಿಂದ ತೊಟ್ಟಿಕ್ಕುತ್ತಿತ್ತು. ಅಳಿಯದೇವರು ಬಗ್ಗಿಯೂ ನೋಡದೆ ತೀರ್ಪು ಕೊಟ್ಟರು: "ಇದಕ್ಕೆ ವಯಸ್ಸಾಯ್ತು ಅತ್ತೆ. ಸೋರೋಕೆ ಶುರುವಾದ್ಮೇಲೆ ಮುಗೀತು, ಕಿತ್ತು ಬಿಸಾಕೋಣ."

"ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ದುಕೊಳ್ತಾರೇನಪ್ಪಾ?" ಎಂದೆ. ನಕ್ಕು ಕೆಲಸಕ್ಕೆ ಹೋದರು.

ನಗಲಿ. ಕರೆಂಟು ತೆಗೆದು, ಟ್ಯಾಂಕು ತಣಿದ ಮೇಲೆ ಸ್ಪ್ಯಾನರ್ ಹಿಡಿದೆ. ನೀರು ಬಸಿಯುವುದನ್ನು ಮಾತ್ರ ಮರೆತೆ. ನಟ್ಟು ಸಡಿಲವಾದದ್ದೇ ತಡ, ಒಳಗಿದ್ದದ್ದೆಲ್ಲ ನನ್ನ ತಲೆಯ ಮೇಲೆ! ಆದರೂ ಬಿಡಲಿಲ್ಲ. ಸವೆದಿದ್ದುದು ಪೈಪಿನ ಒಂದು ವಾಷರ್, ಅಷ್ಟೇ. ಹೊಸದು ಹಾಕಿ ಬಿಗಿದೆ, ಸೋರುವುದು ನಿಂತಿತು.

ಸಂಜೆ ಅಳಿಯದೇವರು ಅದೇ ಗೀಸರಿನ ಬಿಸಿನೀರಿನಲ್ಲಿ ಹಾಡುತ್ತ ಮಿಂದರು.

ಈಗ ಸೋರುತ್ತಿರುವುದು ನನ್ನ ಮೂಗು. ಇದಕ್ಕೂ ವಯಸ್ಸಾಯ್ತು, ಕಿತ್ತು ಬಿಸಾಕೋಣ ಅನ್ನಲಿ, ನೋಡೋಣ. ಸ್ಪ್ಯಾನರ್ ಇನ್ನೂ ನನ್ನ ದಿಂಬಿನ ಪಕ್ಕದಲ್ಲೇ...