ಸರ್ಪಸುತ್ತಿಗೆ ಕೆಮ್ಮಣ್ಣು

ಕಳಸ
18-11-2024

ಪ್ರೀತಿಯ ತಮ್ಮ ಶಶಿಗೆ ಅಕ್ಕ ತನುಜಾಳ ಆಶೀರ್ವಾದ.

ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದರೆ "ಟೆನ್ಶನ್ ತಗೋಬೇಡ ಅಕ್ಕ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನನಗೆ ಸರ್ಪಸುತ್ತು ಆಗಿದೆ. ಬೆನ್ನಿನಿಂದ ಎದೆಯ ಕೆಳಗಿನವರೆಗೆ ಒಂದೇ ಪಕ್ಕ ಗುಳ್ಳೆ. ರವಿಕೆ ತಾಗಿದರೂ ಕೆಂಡ ಇಟ್ಟ ಹಾಗೆ. ಹಾಸಿಗೆ ಹಿಡಿದಿರುವ ಅಮ್ಮ ಮಲಗಿದಲ್ಲಿಂದಲೇ ತೀರ್ಪು ಕೊಟ್ಟಳು: "ನಾಗಬನದ ಮರ ಕಡ್ಸಿದ್ದಕ್ಕೇ ಹಿಂಗಾಗಿದ್ದು." ಕಡಿಸಿದ್ದು ನೀನು, ನಿನ್ನ ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸಲು. ಕೋತಿ ತಾನು ಬೆಣ್ಣೆ ತಿಂದು ಮೇಕೆ ಮೂತಿಗೆ ಒರೆಸಿತಂತೆ! ಅಮ್ಮನ ಹಟಕ್ಕೆ ನಾಟಿ ಮದ್ದಿನ ಗಿಡ್ಡಪ್ಪನನ್ನು ಕರೆಸಿ ಗುಳ್ಳೆಗಳ ಸುತ್ತ ಕೆಮ್ಮಣ್ಣು ಬರೆಸಿದ್ದಾಯಿತು. "ಸುತ್ತಿಕೊಂಡು ಬಂದು ಸರ್ಪದ ತಲೆ ಬಾಲ ಕೂಡಿದ್ರೆ ಜೀವಕ್ಕೇ ಅಪಾಯ. ತಡೆ ಹಾಕಿದೀನಿ ತನುಜಮ್ಮ, ಹೆದರ್ಬೇಡಿ" ಎಂದ. ಮಣ್ಣು ಮೆತ್ತಿಕೊಂಡೇ ಇದ್ದೆ. ಗುಳ್ಳೆಗಳಲ್ಲಿ ಕೀವಾಯಿತು.

ಕೊನೆಗೆ ಆಸ್ಪತ್ರೆಗೆ ಹೋದೆ. ಡಾಕ್ಟರ್ ಪ್ರೇಮಕುಮಾರಿ ಮಣ್ಣು ನೋಡಿ ಚೆನ್ನಾಗಿ ಬೈದು, ಆಮೇಲೆ ಬಿಡಿಸಿ ಹೇಳಿದರು. "ಚಿಕ್ಕವರಿದ್ದಾಗ ಚಿಕನ್‌ಪಾಕ್ಸ್ ಆಗಿತ್ತಲ್ಲ, ಆ ವೈರಸ್ ನರದೊಳಗೆ ಸುಮ್ನೆ ಮಲಗಿರತ್ತೆ. ನಿದ್ದೆ ಇಲ್ಲ, ಸದಾ ಟೆನ್ಶನ್ ಅಂದ್ರೆ ಮೈಯ ಕಾವಲು ಸಡಿಲ ಆಗತ್ತೆ, ಆಗ ಎದ್ದು ಬರಬಹುದು. ಮನೇಲಿ ಏನು ನಡೀತಿದೆ?"

ಏನು ನಡೆಯುತ್ತಿದೆ ಎಂದು ಹೇಳಲಿ? ಬೆಳಗ್ಗೆ ಎದ್ದು ಅಮ್ಮನ ಬಟ್ಟೆ ಬದಲಿಸಿ, ನಿನ್ನ ಗೆಸ್ಟ್‌ಗಳಿಗೆ ಕಡುಬು ಬೇಯಿಸಬೇಕು. ಅವರ ಹಾಡು, ಕುಣಿತ ಮುಗಿಯುವತನಕ ಕಣ್ಣು ಮುಚ್ಚುವ ಹಾಗಿಲ್ಲ. ಮುಚ್ಚಿದರೆ ಅಮ್ಮ ಕರೆಯುತ್ತಾಳೆ. ಕರೆಯದಿದ್ದರೂ ಕರೆದಂತಾಗಿ ಎದೆ ಹೊಡೆದುಕೊಳ್ಳುತ್ತದೆ. ನೀನು ಚಿಕ್ಕಮಗಳೂರಿನಲ್ಲಿ ಕೂತು ಬುಕಿಂಗ್ ತೆಗೆದುಕೊಳ್ಳುತ್ತೀಯ. ಟೆನ್ಶನ್ ಏನು ಅಂಗಡಿಯ ಸಾಮಾನೇನೋ, ಬೇಕಾದರೆ ತಗೊಂಡು ಬೇಡವಾದರೆ ಬಿಡುವುದಕ್ಕೆ? ನನಗೆ ಸಿಟ್ಟು ಬಂದಿದೆ ಶಶಿ, ಮೈಯೆಲ್ಲ ಸಿಟ್ಟು.

ಈ ಕಾಗದ ಸೇರಿದ ದಿನವೇ ಹೊರಟು ಬಾ. ಬುಕಿಂಗ್ ಎಲ್ಲ ರದ್ದು ಮಾಡು, ಅಮ್ಮನ ಹತ್ತಿರ ನೀನಿರು. ನಾನು ಬಣಕಲ್‌ನ ಚಿಕ್ಕಮ್ಮನ ಮನೆಗೆ ಮಲಗಲು ಹೋಗುತ್ತೇನೆ, ಬರೀ ಮಲಗಲು. ಬರದಿದ್ದರೆ ಗೇಟಿನ ಬೋರ್ಡು ಬಚ್ಚಲೊಲೆಗೆ ಹೋಗುತ್ತದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಎಷ್ಟೇ ಕೋಪವಿದ್ದರೂ ಇದು ಬಾಯಿಮಾತಲ್ಲ.

ನಿನ್ನ ಅಕ್ಕ,
ತನುಜಾ

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ. ಗಿಡ್ಡಪ್ಪ ಮಣ್ಣು ಬರೆಯುವಾಗ ಹಲ್ಲು ಕಚ್ಚಿ ಕೂತಿದ್ದೆ. ಅಮ್ಮ ಮಲಗಿದ್ದಲ್ಲೇ ಕೈ ಮುಗಿದಳು: "ಸದ್ಯ, ನಾಗಪ್ಪ ಇವಳ್ನ ಹಿಡ್ದ. ನನ್ನ ಶಶೀನ ಬಿಟ್ನಲ್ಲ, ಅಷ್ಟು ಸಾಕು." ಆಮೇಲೆ ನನ್ನನ್ನೇ ಕರೆದು ನೀರು ಕೇಳಿದಳು. ಎದ್ದು ಹೋಗಿ ಕುಡಿಸಿದೆ.