ಈ ವರ್ಷದ ಸರದಿ

ನವೆಂಬರ್ ೧೮, ಮಂಗಳವಾರ

ಇಡೀ ದಿನ ಕಂಡವರ ಮಕ್ಕಳನ್ನು ಎತ್ತಿ ಇಳಿಸಿ ಸೊಂಟ ಬಿದ್ದುಹೋಗಿದೆ. ಆದರೂ ನಿದ್ದೆಯಿಲ್ಲ. ಮೇಜಿನ ಮೇಲೆ ಆ ಸಿಹಿ ಡಬ್ಬ ಹಾಗೇ ಇದೆ.

ಶಿಶುವಿಹಾರದಲ್ಲಿ ನಾವು ಏಳು ಜನ ಟೀಚರುಗಳು. ಒಟ್ಟಿಗೆ ಇಬ್ಬರು ಹೆರಿಗೆ ರಜೆ ಹಾಕಿದರೆ ಕೆಲಸ ಕೆಡುತ್ತದೆಂದು ಬಸುರಾಗುವುದಕ್ಕೂ ಸರದಿ. ಈ ವರ್ಷ ನನ್ನದು. ಆದರೆ ಬಸುರಾದವಳು ಚಿನಾತ್ಸು, ಮೊನ್ನೆ ಮೊನ್ನೆ ಸೇರಿದ ಹುಡುಗಿ. ಸಂಜೆ ಗಂಡನನ್ನೂ ಶಿಶುವಿಹಾರಕ್ಕೆ ಕರೆತಂದಳು. ತೊಯಾಮಾ ಸ್ಟೇಷನ್ನಿನ ಅಂಗಡಿಯ ಸಿಹಿ ಡಬ್ಬ ಮುಂದಿಟ್ಟು ಇಬ್ಬರೂ ತಲೆ ಬಗ್ಗಿಸಿ ನಿಂತರು.

"ತಪ್ಪಾಯ್ತು ಅಕ್ಕಾ, ನಿಮ್ಮ ಸರದೀಲಿ ನುಗ್ಗಿಬಿಟ್ಟೆ."

"ದೊಡ್ಡ ಮನಸ್ಸು ಮಾಡಿ. ನಿಮ್ಮನ್ನ ಬರೋ ವರ್ಷ ಬಿಟ್ಟು ಆಚೆ ವರ್ಷಕ್ಕೆ ಹಾಕ್ತೀನಿ," ಎಂದರು ಮುಖ್ಯಸ್ಥೆ ಕುವಾಬಾರಾ, ಊಟದ ಪಾಳಿ ಬದಲಿಸಿದ ಹಾಗೆ.

"ಅಷ್ಟೊತ್ತಿಗೆ ನಂಗೆ ನಲವತ್ತೊಂದು ಮೇಡಂ. ಅಜ್ಜಿಯಾಗೋ ಸರದೀನೂ ಈಗ್ಲೇ ಬರೆದಿಟ್ಬಿಡಿ."

ಯಾರೂ ನಗಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ವರ್ಷದ ಹಿಂದೆ ನನಗೂ ಸರದಿಗೆ ಮೊದಲೇ ಬಸಿರು ನಿಂತಿತ್ತು. ಯಾರಿಗೂ ಹೇಳದೆ ಶನಿವಾರ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡೆ. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದೆ.

ಒಂದು ಡಬ್ಬ ಸಿಹಿ, ಒಂದು ತಪ್ಪಾಯ್ತು. ಅಷ್ಟು ಸಾಕಿತ್ತು ಅಂತ ನನಗೆ ಯಾರಾದರೂ ಆಗಲೇ ಹೇಳಿದ್ದರೆ...