ನಾಲ್ಕನೇ ಹಿತ್ತಲಿನ ಲೆಕ್ಕ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ 9

ಪ್ರೀತಿಯ ಪಾಪು,

ಈ ಪತ್ರದಲ್ಲಿ ಒಂದು ಮಾತನ್ನು ಬಿಟ್ಟುಬಿಡೋಣ ಎಂದು ನಿನ್ನೆಯ ತನಕ ಅಂದುಕೊಂಡಿದ್ದೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಹರಟೆಯಾಗುತ್ತದೆ. ಆದ್ದರಿಂದ ಮೊದಲೇ ಬರೆಯುತ್ತೇನೆ. ಪ್ರತಿ ಶನಿವಾರ ನಾನು ಅಂಚೆಗೆ ಹಾಕಿದ ಹಕ್ಕಿ ಎಣಿಕೆಯ ಹಾಳೆಗಳಲ್ಲಿ ಹನ್ನೊಂದು ದಿನಗಳ ಲೆಕ್ಕ ಸುಳ್ಳು. ಎಣಿಸುವಾಗ ತಪ್ಪಿದ್ದಲ್ಲ, ನೋಡದೇ ಬರೆದದ್ದು. ಇಪ್ಪತ್ತೊಂದನೇ ತಾರೀಕು ನೀನು ಇಡೀ ವಿಭಾಗದ ಮುಂದೆ ನಿಂತು ಆ ಅಂಕಿಗಳನ್ನು ಓದುವ ಮೊದಲು ಇದು ನಿನಗೆ ಗೊತ್ತಾಗಲೇಬೇಕು.

ಹೇಗಿದ್ದೀಯಾ ಎಂದು ಈಗ ಕೇಳುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಆದರೂ ಕೇಳುತ್ತೇನೆ. ಕೆಮ್ಮು ಪೂರ್ತಿ ಹೋಯಿತೇ? ಹಾಸ್ಟೆಲಿನವರು ಕಿಟಕಿಯ ಗಾಜು ಹಾಕಿಸಿದರೇ, ಇಲ್ಲ ಇನ್ನೂ ರಟ್ಟು ಅಂಟಿಸಿಕೊಂಡೇ ಮಲಗುತ್ತಿದ್ದೀಯಾ? ನನ್ನ ಮೇಲೆ ಸಿಟ್ಟು ಬಂದಿದ್ದರೆ ಬರಲಿ, ಊಟ ಮಾಡಿ ಬಂದು ಮುಂದಕ್ಕೆ ಓದು. ಹೊಟ್ಟೆ ಖಾಲಿಯಿದ್ದರೆ ನಿನ್ನ ಸಿಟ್ಟು ನಿಮ್ಮಪ್ಪನ ಸಿಟ್ಟಿನ ಹಾಗೆ ನೆತ್ತಿಗೇರುತ್ತದೆ.

ಹಕ್ಕಿಗೆ ಕಾಳು ಇಡುವ ಫೀಡರನ್ನು ಕಂಬದ ಮೇಲೆ ಕೂರಿಸಿ ನೀನು ನೆಟ್ಟುಹೋದ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ನಿನಗೆ ಹೇಳಿರಲಿಲ್ಲ. ಹನ್ನೆರಡು ಮನೆಗಳ ಹಿತ್ತಲು, ಹತ್ತು ವಾರ, ವಾರಕ್ಕೆ ಮೂರು ದಿನ, ಬುಧ, ಗುರು, ಶುಕ್ರ, ಬೆಳಿಗ್ಗೆ ಏಳರಿಂದ ಏಳೂವರೆಯ ತನಕ ಬಂದ ಹಕ್ಕಿಗಳ ಎಣಿಕೆ. ಅದರಲ್ಲಿ ನಮ್ಮದು ನಾಲ್ಕನೇ ಹಿತ್ತಲು. ಫ್ರಿಜ್ಜಿನ ಮೇಲೆ ನೀನು ಅಂಟಿಸಿದ ಐದು ನಿಯಮ ಈಗಲೂ ಇದೆ. ನಿನ್ನ ಗೈಡ್ ಮೇಡಂ "ಮನೇವ್ರ ಕೈಲಿ ಎಣಿಸಿದ್ರೆ ಅದು ಸಂಶೋಧನೆ ಅಲ್ಲಮ್ಮ, ಸಂಸಾರ" ಅಂದರೆಂದೂ, ನೀನು "ನಮ್ಮಮ್ಮ ಆಸ್ಪತ್ರೆ ಲ್ಯಾಬಲ್ಲಿ ಇರೋದು ಮೇಡಂ, ರಕ್ತ ಒಂದು ಹನಿ ಕಮ್ಮಿ ಬಂದ್ರೂ ವಾಪಸ್ ಕಳಿಸ್ತಾಳೆ" ಅಂದೆಯೆಂದೂ ನೀನೇ ನನಗೆ ನಗುತ್ತಾ ಹೇಳಿದ್ದೆ. ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ಮೆಲುಕು ಹಾಕಿದೆನೋ. ಮೊದಲ ಮೂರು ವಾರ ಅದಕ್ಕೆ ತಕ್ಕ ಹಾಗೇ ಇದ್ದೆ. ಗುಬ್ಬಿ ಎಷ್ಟು, ಬೆಳವ ಎಷ್ಟು, ಪಾರಿವಾಳ ಎಷ್ಟು ಎಂದು ಗಡಿಯಾರ ಮುಂದಿಟ್ಟುಕೊಂಡು ಎಣಿಸಿದೆ. ಹಾಲು ಉಕ್ಕಿದರೂ ಏಳಲಿಲ್ಲ.

ಆಮೇಲೆ ಅಳಿಲು ಬಂತು. ಅಳಿಲು ಎಂದರೆ ನಿನಗೆ ನಗು ಬರುತ್ತದೆ, ನನಗೀಗ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ. ಬಾಲದ ತುದಿಯಿಲ್ಲದ ಒಂದು ಅಳಿಲು ಕಂಬ ಹತ್ತಿ, ಫೀಡರಿನ ತಟ್ಟೆಯಲ್ಲಿ ಸ್ವಂತ ಮನೆಯ ಜಗಲಿಯ ಮೇಲೆ ಕೂತ ಹಾಗೆ ಕೂತು, ಸೂರ್ಯಕಾಂತಿ ಬೀಜವನ್ನು ಒಂದೊಂದೇ ಬಿಡಿಸಿ ತಿಂದು ಸಿಪ್ಪೆಯನ್ನು ನನ್ನ ಕಡೆಗೆ ಉಗುಳುತ್ತಿತ್ತು. ನಾನು ಏನು ಹೊಸದಾಗಿ ಕಟ್ಟಿದರೂ ಮೊದಲು ಸುತ್ತು ಹಾಕಿ, ಮೂಸಿ, ತಪಾಸಣೆ ಮಾಡಿಯೇ ಹತ್ತುತ್ತಿದ್ದರಿಂದ ಅಜ್ಜಿ ಅದಕ್ಕೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟರು. ಕಂಬಕ್ಕೆ ಗ್ರೀಸ್ ಬಳಿದೆ. ಒಂದು ದಿನ ಜಾರಿತು, ಮರುದಿನ ಒಗೆದ ಬಟ್ಟೆಯ ತಂತಿಯಿಂದ ಹಾರಿತು. ಗ್ರೀಸ್ ಉಳಿದದ್ದು ನನ್ನ ಆಸ್ಪತ್ರೆಯ ಬಿಳಿ ಕೋಟಿಗೆ. ಕಂಬವನ್ನು ತಂತಿಯಿಂದ ಆರು ಅಡಿ ದೂರಕ್ಕೆ ನೆಟ್ಟೆ. ಪಕ್ಕದ ಮನೆಯ ವೆಲ್ಡರ್ ಕರುಣೆ ತೋರಿಸಿ ಲಾಳಿಕೆಯ ಹಾಗೆ ಬಾಗಿಸಿದ ತಗಡೊಂದನ್ನು ಕಂಬಕ್ಕೆ ಕೂರಿಸಿಕೊಟ್ಟ. "ಅಕ್ಕಾ, ಇದನ್ನ ದಾಟ್ಬಿಟ್ರೆ ನಾನು ವೆಲ್ಡಿಂಗೇ ಬಿಟ್ಬಿಡ್ತೀನಿ" ಅಂದ. ಮರುದಿನ ಬೆಳಿಗ್ಗೆ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನಪ್ಪಾ, ಅಂಗಡಿ ಯಾವತ್ತು ಮುಚ್ತೀಯಾ?" ಎಂದು ಕೇಳಿದರು.

ಹಕ್ಕಿಗೆ ಖಾರ ಗೊತ್ತಾಗುವುದಿಲ್ಲ, ಅಳಿಲಿಗೆ ಗೊತ್ತಾಗುತ್ತದೆ ಎಂದು ಎಲ್ಲೋ ಓದಿ ಕಾಳಿಗೆ ಖಾರದ ಪುಡಿಯನ್ನೂ ಕಲಸಿದೆ. ಅರ್ಧ ಪುಡಿ ಗಾಳಿಗೆ ನನ್ನ ಕಣ್ಣಿಗೇ ಬಂತು. ಇನ್‌ಸ್ಪೆಕ್ಟರ್ ಒಂದು ಕಾಳು ಕಚ್ಚಿ, ಮೂತಿಯನ್ನು ಮರದ ತೊಗಟೆಗೆ ಉಜ್ಜಿ, ಎರಡು ದಿನ ಯೋಚನೆ ಮಾಡಿ, ಮೂರನೇ ದಿನ ಎಂದಿನಂತೆ ಊಟಕ್ಕೆ ಬಂತು. "ಬಿಡೇ, ಅದಕ್ಕೂ ಒಂದು ಹೊಟ್ಟೆ ಇದೆ" ಎಂದು ನಿಮ್ಮಪ್ಪ ಬಸ್ಸಿನ ಡ್ಯೂಟಿಗೆ ಹೊರಡುತ್ತಾ ಹೇಳಿದರು. ಐದೂವರೆಗೇ ಮನೆ ಬಿಡುವವರಿಗೆ ಎಲ್ಲರ ಮೇಲೂ ದಯೆ. ಫೀಡರನ್ನು ಜರುಗಿಸಬಾರದು ಎಂಬುದು ನಿನ್ನ ಎರಡನೇ ನಿಯಮ, ಕಾಳಿಗೆ ಏನನ್ನೂ ಬೆರೆಸಬಾರದು ಎಂಬುದು ನಾಲ್ಕನೆಯದು. ಎರಡನ್ನೂ ಮುರಿದೆ. ಮುರಿಯುವಾಗ ನಿನ್ನ ಕೆಲಸವನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಮೊದಲ ಸುಳ್ಳು ಜನವರಿ ಮೂವತ್ತು, ಗುರುವಾರದ್ದು. ಆ ಬೆಳಿಗ್ಗೆ ಪೊರಕೆ ಹಿಡಿದು ಇನ್‌ಸ್ಪೆಕ್ಟರಿನ ಹಿಂದೆ ಓಡಿ ಓಡಿ, ಒಳಗೆ ಬಂದು ಗಡಿಯಾರ ನೋಡಿದರೆ ಏಳು ಮೂವತ್ತೈದು. ಹಕ್ಕಿಗಳು ಬರಲಿಲ್ಲವೋ, ಬಂದವು ನನ್ನ ಪೊರಕೆಗೇ ಹೆದರಿ ಹೋದವೋ ನನಗೆ ಗೊತ್ತಿಲ್ಲ. ಹಾಳೆಯಲ್ಲಿ "ನೋಡಲಾಗಲಿಲ್ಲ" ಎಂದು ಬರೆಯಬೇಕಿತ್ತು. ಲ್ಯಾಬಿನಲ್ಲಿ ಸ್ಯಾಂಪಲ್ ಹೆಪ್ಪುಗಟ್ಟಿದ್ದರೆ "ಪರೀಕ್ಷೆಗೆ ಯೋಗ್ಯವಲ್ಲ" ಎಂದು ಬರೆದು ವಾಪಸ್ ಕಳಿಸುವ ಕೈ ಇದು. ಡಾಕ್ಟರು ಫೋನಿನಲ್ಲಿ ಕೂಗಾಡಿದರೂ ಒಂದು ಅಂಕಿಯನ್ನೂ ಊಹಿಸಿ ಬರೆದದ್ದಿಲ್ಲ. ಆದರೆ ಅವತ್ತು ಗುಬ್ಬಿ ಆರು, ಬೆಳವ ಎರಡು ಎಂದು ಬರೆದೆ. ಹಿಂದಿನ ಗುರುವಾರ ಅಷ್ಟೇ ಇದ್ದವು, ಈ ಗುರುವಾರವೂ ಇರಬಹುದಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡನೆಯ ಸಲಕ್ಕೆ ಆ ಸಮಾಧಾನವೂ ಬೇಕಾಗಲಿಲ್ಲ, ಆಮೇಲಿನ ಖಾನೆಗಳನ್ನೆಲ್ಲ ಹಾಗೇ ತುಂಬಿದೆ. ಫೆಬ್ರವರಿ ಹನ್ನೆರಡರಂದು ಬೆಳಿಗ್ಗೆಯಿಡೀ ಜಡಿಮಳೆ, ನಾನು ಬಾಗಿಲನ್ನೇ ತೆರೆಯಲಿಲ್ಲ, ಒಂಬತ್ತು ಗುಬ್ಬಿ ಬರೆದೆ. ನೀನು ಫೋನಿನಲ್ಲಿ, "ಆ ಮಳೇಲೂ ಒಂಬತ್ತು ಬಂದ್ವಾ ಅಮ್ಮಾ?" ಎಂದು ಕೇಳಿ, ಮತ್ತೆ ನೀನೇ, "ನೀನು ಬರ್ದಿದೀಯ ಅಂದ್ಮೇಲೆ ಬಂದಿರ್ತವೆ ಬಿಡು" ಅಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

ನಿಲ್ಲಿಸಿದ್ದೂ ನಾನಾಗಿ ಅಲ್ಲ. ಇಪ್ಪತ್ತೆರಡರ ಶನಿವಾರ, ಅಂಚೆಗೆ ಹೊತ್ತಾಯಿತೆಂದು ಇದೇ ಮೇಜಿನ ಮೇಲೆ ಹಿಂದಿನ ಮೂರು ದಿನಗಳ ಖಾನೆ ತುಂಬುತ್ತಿದ್ದೆ. ಅಜ್ಜಿ ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದರು. ಸುಮಾರು ಹೊತ್ತು ನೋಡಿ, "ಅಲ್ಲ ಕಣೇ, ಗೋಡೆ ನೋಡ್ಕೊಂಡು ಬರೀತಿದೀಯಲ್ಲ, ಆಸ್ಪತ್ರೇಲೂ ಹೀಗೇನಾ?" ಅಂದರು. ತಮಾಷೆಗೇ ಅಂದದ್ದು, ನಕ್ಕರು ಕೂಡ. ನಾನು ಮೂರು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಸೋಮವಾರ ಲ್ಯಾಬಿನಲ್ಲಿ ಪ್ರತಿ ರಿಪೋರ್ಟನ್ನೂ ಎರಡೆರಡು ಸಲ ತೆಗೆದು ನೋಡಿದೆ. ಅಲ್ಲಿ ಒಂದೂ ತಪ್ಪಿರಲಿಲ್ಲ ಎಂಬುದೇ ಇನ್ನೂ ಕೆಟ್ಟದ್ದೆನಿಸಿತು. ಗುರುತಿಲ್ಲದವರ ರಕ್ತಕ್ಕೆ ಕೊಡುವ ಮರ್ಯಾದೆಯನ್ನು ಹೆತ್ತ ಮಗಳ ಕೆಲಸಕ್ಕೆ ಕೊಟ್ಟಿರಲಿಲ್ಲ.

ಆ ವಾರದಿಂದ, ಅಂದರೆ ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಶುರುವಾದ ವಾರದಿಂದ, ಕಂಡದ್ದನ್ನೇ ಬರೆಯತೊಡಗಿದೆ. ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಆದರೆ ಪಕ್ಕದಲ್ಲಿ "ಅಳಿಲು" ಎಂದು ಬರೆಯಲಿಲ್ಲ. ಬರೆದರೆ, ಇಷ್ಟು ದಿನ ಅಳಿಲು ಎಲ್ಲಿತ್ತು ಎಂದು ನೀನು ಕೇಳುತ್ತೀಯಲ್ಲ ಎಂಬ ಭಯ. ಸದ್ದಿಲ್ಲದೆ ದಾರಿಗೆ ಬಂದರೆ ಹಳೆಯದು ಮುಚ್ಚಿಹೋಗುತ್ತದೆ ಎಂದುಕೊಂಡೆ. ಎಂಥ ದಡ್ಡತನ! ಮೊನ್ನೆ ಬುಧವಾರ ನೀನು ಫೋನ್ ಮಾಡಿ, "ಅಮ್ಮಾ, ಹಿಂದಿನ ಬೀದಿ ಹಳೇ ಗೋದಾಮು ಕೆಡವೋಕೆ ಶುರು ಮಾಡಿದ್ದು ಯಾವತ್ತು?" ಅಂದೆ. ಫೆಬ್ರವರಿ ಇಪ್ಪತ್ತನಾಲ್ಕು ಎಂದು ನಾನು ಹೇಳಿದೆ, ಅದು ನಿಜವೇ. ನೀನು ಕಿರುಚಿದ ರಭಸಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿದೆ. "ಸಿಕ್ತು ಅಮ್ಮಾ! ನಾಲ್ಕನೇ ಹಿತ್ತಲಲ್ಲಿ ಹಕ್ಕಿ ಯಾಕೆ ನಿಂತ್ವು ಅಂತ ಸಿಕ್ತು! ಆ ಧೂಳು, ಆ ಸದ್ದು! ಮೇಡಂಗೆ ತೋರಿಸ್ದೆ, ಇದನ್ನೇ ಮುಖ್ಯ ಮಾಡ್ಕೊಂಡು ಮಾತಾಡು ಅಂದ್ರು!"

ಪಾಪು, ಗೋದಾಮಿಗೂ ಹಕ್ಕಿಗೂ ಸಂಬಂಧವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಹಾಳೆಗಳಿಂದ ಅದು ಯಾರಿಗೂ ಗೊತ್ತಾಗುವುದಿಲ್ಲ. ಆ ವಾರ ನಿಂತದ್ದು ಹಕ್ಕಿಗಳಲ್ಲ, ನನ್ನ ಸುಳ್ಳು. ಹಕ್ಕಿಗಳು ಅದಕ್ಕೂ ಮೂರು ವಾರ ಮೊದಲೇ ಹೋಗಿದ್ದವು. ಕೂಡಲೇ ಫೋನಿನಲ್ಲೇ ಹೇಳಬೇಕಿತ್ತು, ನೀನು ಅಷ್ಟು ಖುಷಿಯಲ್ಲಿದ್ದೆ, "ಒಳ್ಳೇದಾಯ್ತು" ಅಂದು ಇಟ್ಟುಬಿಟ್ಟೆ. ಗುರುವಾರ ಒಮ್ಮೆ, ಶುಕ್ರವಾರ ಒಮ್ಮೆ ನಾನೇ ಫೋನ್ ಮಾಡಿದೆ. ಎರಡು ಸಲವೂ ಕೆಮ್ಮಿನ ವಿಷಯ ಕೇಳಿ ಮುಗಿಸಿದೆ.

ಯಾಕೆ ಮಾಡಿದೆ ಎಂದು ನೀನು ಕೇಳುವ ಮೊದಲು ನಾನೇ ಕೇಳಿಕೊಂಡಿದ್ದೇನೆ. ನಿನಗೋಸ್ಕರ ಎಂದು ಮೊದಲು ಉತ್ತರ ಬಂತು. ಅದು ಅರ್ಧವೂ ನಿಜವಲ್ಲ. ಹನ್ನೆರಡು ಹಿತ್ತಲಿನಲ್ಲಿ ನಮ್ಮದೊಂದೇ ಬರಡಾಗಿ ಕಾಣುವುದು ನನಗೆ ಬೇಕಿರಲಿಲ್ಲ. ಒಂದು ಹಿಡಿ ಗಾತ್ರದ ಪ್ರಾಣಿಗೆ ಸೋತೆ ಎಂದು ನಿನ್ನ ಮೇಡಂ ಓದುವ ಹಾಳೆಯಲ್ಲಿ ವಾರ ವಾರವೂ ಬರೆಯಲು ನನಗೆ ಕೈ ಬರಲಿಲ್ಲ. ನೀನು ಅವರ ಮುಂದೆ ಹೇಳಿದ ಆ ಅಮ್ಮನಾಗಿ ಉಳಿಯಬೇಕಿತ್ತು. ಉಳಿಯಲು ಹೋಗಿ ಅವಳಿಗೆ ಸರಿಯಾಗಿ ಉಲ್ಟಾ ಆದೆ. ನಿನ್ನಲ್ಲಿ ಕ್ಷಮೆ ಕೇಳುತ್ತೇನೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನನಗೆ "ಸಾರಿ" ಎಂಬುದು ಬಾಯಿಗೆ ಬೇಗ ಬರುತ್ತದೆ, ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗಲೂ ಅದೇ ಹೇಳುತ್ತೇನೆ. ಇದಕ್ಕೆ ಅದು ಸಾಲದು ಎಂದೇ ಕಷ್ಟಪಟ್ಟು, ಹೊಡೆದು ತಿದ್ದಿ, ಕನ್ನಡದಲ್ಲಿ ಇಷ್ಟುದ್ದ ಬರೆದದ್ದು.

ಹನ್ನೊಂದು ತಾರೀಕುಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಫೀಡರನ್ನು ಜರುಗಿಸಿದ ದಿನ, ಖಾರ ಬೆರೆಸಿದ ದಿನಗಳೂ ಅದರಲ್ಲಿವೆ. ಅದರ ಒಂದು ಪ್ರತಿಯನ್ನು ನೇರವಾಗಿ ನಿನ್ನ ಮೇಡಂಗೆ ಕಳಿಸಿಬಿಡೋಣ ಎಂದು ವಿಳಾಸವನ್ನೂ ಬರೆದಿದ್ದೆ. ಬರೆದ ಮೇಲೆ, ನಿನ್ನ ಕೆಲಸದಲ್ಲಿ ನಿನ್ನನ್ನು ಕೇಳದೇ ಕೈ ಹಾಕುವುದು ಮತ್ತೆ ಅದೇ ಚಾಳಿಯಾಯಿತಲ್ಲ ಎನ್ನಿಸಿ ಆ ಲಕೋಟೆಯನ್ನು ಹರಿದುಹಾಕಿದೆ. ಅವರಿಗೆ ಹೇಳಬೇಕಾದವಳು ನೀನು.

ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ಅಪ್ಪ ಹೊಸ ರೂಟಿಗೆ ಹಾಕಿದ್ದಾರೆಂದು ಗೊಣಗುತ್ತಾರೆ. ಇಬ್ಬರೂ ನಿನ್ನನ್ನು ನೆನೆಸಿಕೊಳ್ಳದ ದಿನವಿಲ್ಲ. ಮೈ ಕಡೆ ನೋಡಿಕೋ, ರಾತ್ರಿ ತಲೆ ಒದ್ದೆ ಮಾಡಿಕೊಂಡು ಮಲಗಬೇಡ. ನಿನಗೆ ಒಳ್ಳೆಯದಾಗಲಿ, ನನ್ನಿಂದ ಆದ ಕೆಟ್ಟದ್ದನ್ನೂ ದಾಟಿ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತದ್ದು: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಸ್ವಭಾವ ನನಗೆ ಗೊತ್ತು. ಓದಿ ಒಂದು ಗಂಟೆ ಅತ್ತು, ಆಮೇಲೆ ನನ್ನ ಮಾನ ಉಳಿಸಲು "ಅಳಿಲುಗಳ ಕಾಟದಿಂದ ನಾಲ್ಕನೇ ಹಿತ್ತಲಿನ ಲೆಕ್ಕವನ್ನು ಕೈಬಿಡಲಾಗಿದೆ" ಎಂದು ಚೆಂದವಾಗಿ ಬರೆಯುತ್ತೀಯಾ. ಹಾಗೆ ಬರೆಯಬೇಡ. ಅದೂ ನೋಡದೇ ಬರೆದ ಲೆಕ್ಕವೇ ಆಗುತ್ತದೆ, ಹನ್ನೆರಡನೆಯದು, ಅದು ಮಾತ್ರ ನಿನ್ನ ಕೈಬರಹದಲ್ಲಿ. ಎಣಿಸುತ್ತಿದ್ದವರು ನೋಡದೇ ಬರೆದರು, ಅವರು ನನ್ನ ತಾಯಿ ಎಂದೇ ಬರೆ. ಉಳಿದ ಹನ್ನೊಂದು ಹಿತ್ತಲು ಉಳಿಯುತ್ತವೆ. ಅಷ್ಟರಿಂದ ಮಾತಾಡಲು ಆಗುವುದಿಲ್ಲ ಎಂದು ಮೇಡಂ ಹೇಳಿದರೆ ದಿನ ಮುಂದಕ್ಕೆ ಹಾಕಿಸಿಕೋ. ಅಲ್ಲಿಗೆ ಬಂದು ನಾನೇ ಬಾಯಿಬಿಟ್ಟು ಹೇಳಬೇಕೆಂದರೆ ಹೇಳು, ಇಪ್ಪತ್ತೊಂದಕ್ಕೆ ರಜೆ ಹಾಕಿದ್ದೇನೆ. ಲ್ಯಾಬಿಗೆ ಹೋಗುವ ದಾರಿಯಲ್ಲಿ ಮೊದಲ ಟಪಾಲಿಗೇ ಇದನ್ನು ಹಾಕುತ್ತೇನೆ: ನಾಳೆ, ಸೋಮವಾರ, ಮಾರ್ಚ್ 10.